ಬಾಲಿಯ ನದೀತೀರದ ಗ್ರಾಮಗಳಲ್ಲಿ ನೆಲ, ನೀರು ಮತ್ತು ಬಂಡವಾಳ

ಇಂಡೊನೇಷ್ಯಾದ ಬಾಲಿ ದ್ವೀಪವು ಕನ್ನಡ ಓದುಗರಿಗೆ ಹೆಚ್ಚಾಗಿ ಅದರ ದೇವಾಲಯ, ನೃತ್ಯ ಮತ್ತು ರಾಮಾಯಣ-ಮಹಾಭಾರತಗಳ ರೂಪಕಗಳ ಮೂಲಕ ಪರಿಚಿತವಾದುದು. ಹಿಂದೂ ಧರ್ಮವು ಕಡಲಾಚೆ ಇಂದಿಗೂ ಉಳಿದುಬಂದಿರುವ ನೆಲವೆಂಬ ಅಭಿಮಾನವೂ ಆ ಪರಿಚಯದಲ್ಲಿ ಬೆರೆತಿರುತ್ತದೆ. ಆದರೆ ಆ ದೇವಾಲಯಗಳನ್ನೂ ಉತ್ಸವಗಳನ್ನೂ ಶತಮಾನಗಳಿಂದ ಹೊತ್ತು ನಿಂತಿರುವ ಆರ್ಥಿಕ ತಳಹದಿ ಯಾವುದೆಂದು ಕೇಳುವವರು ವಿರಳ. ನದಿಯ ನೀರನ್ನು ಹಂಚಿಕೊಂಡು ಬೆಳೆಯುವ ಭತ್ತದ ಗದ್ದೆಯೇ ಆ ತಳಹದಿ. ಕಳೆದ ಕೆಲವು ದಶಕಗಳಿಂದ ಆ ಗದ್ದೆಗಳು, ಅದರಲ್ಲಿಯೂ ನದೀಕಣಿವೆಗಳ ಅಂಚಿನಲ್ಲಿರುವ ಗದ್ದೆಗಳು, ಹೊರಗಿನ ಬಂಡವಾಳಗಾರರ ಮನೆ ಮತ್ತು ವಸತಿಗೃಹಗಳಿಗೆ ನಿವೇಶನಗಳಾಗಿ ಮಾರ್ಪಡುತ್ತಿವೆ. ವಿಚಿತ್ರವೆಂದರೆ, ಇಂಡೊನೇಷ್ಯಾದ ಕಾನೂನಿನ ಪ್ರಕಾರ ವಿದೇಶೀಯನು ಅಲ್ಲಿ ಒಂದು ಗೇಣು ನೆಲಕ್ಕೂ ಪೂರ್ಣ ಒಡೆಯನಾಗಲಾರನು. ಹಾಗಿದ್ದರೆ ಅಲ್ಲಿ ಕೈಬದಲಾಗುತ್ತಿರುವುದೇನು, ಅದಕ್ಕೆ ಪ್ರತಿಯಾಗಿ ಗ್ರಾಮವು ತೆರುತ್ತಿರುವುದೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನದಿಯೂ ಗ್ರಾಮವೂ

ದ್ವೀಪದ ನಡುವೆ ಪೂರ್ವ-ಪಶ್ಚಿಮವಾಗಿ ಅಗ್ನಿಪರ್ವತಗಳ ಸಾಲೊಂದು ಹಬ್ಬಿದೆ. ಅದರ ತಪ್ಪಲಿನಿಂದ ಹೊರಟ ನದಿಗಳು ದಕ್ಷಿಣಕ್ಕೆ ಹರಿದು ಸಮುದ್ರವನ್ನು ಸೇರುತ್ತವೆ. ಇವುಗಳಲ್ಲಿ ಅತಿ ಉದ್ದವಾದ ಆಯುಂಗ್ ನದಿಯೂ ಸುಮಾರು 70 ಕಿಲೋಮೀಟರುಗಳನ್ನು ಮೀರುವುದಿಲ್ಲ. ಗಿಯಾನ್ಯಾರ್ ಜಿಲ್ಲೆಯಲ್ಲಿ ಇದರ ಪೂರ್ವಕ್ಕೆ ಓಸ್, ಪೆತಾನು, ಪಕೆರಿಸಾನ್ ಎಂಬ ನದಿಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರವಾಗಿ ಹರಿಯುತ್ತವೆ. ಅಗ್ನಿಪರ್ವತದ ಬೂದಿಯಿಂದಾದ ಕಲ್ಲು ಮೃದುವಾದುದರಿಂದ ನದಿಗಳು ಅದನ್ನು ಆಳವಾಗಿ ಕೊರೆದು ಕಡಿದಾದ ಕಮರಿಗಳನ್ನು ನಿರ್ಮಿಸಿವೆ. ಎರಡು ಕಮರಿಗಳ ನಡುವಿನ ದಿಣ್ಣೆಯ ಮೇಲೆ ಊರು, ದಿಣ್ಣೆಯ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆಗಳು, ಕೆಳಗೆ ಬಿದಿರು-ತೆಂಗುಗಳ ನಡುವೆ ನದಿ: ಇದು ಇಲ್ಲಿಯ ನದೀತೀರದ ಗ್ರಾಮದ ಸಾಮಾನ್ಯ ರೂಪ.

ನದಿಯು ಗ್ರಾಮಸ್ಥರಿಗೆ ಸ್ನಾನದ ಸ್ಥಳ. ದಂಡೆಯ ಚಿಲುಮೆಗಳು ಪೂಜೆಗೆ ಬೇಕಾದ ತೀರ್ಥ. ಕಮರಿಯ ಮೃದುಶಿಲೆಯಾದ ಪರಸ್ ಗುಡಿಯ ಬಾಗಿಲುವಾಡಗಳನ್ನು ಕೆತ್ತುವ ಕಲ್ಲು. ಎರಡು ಹೊಳೆಗಳು ಕೂಡುವ ಸಂಗಮವನ್ನು ಬಾಲಿ ಜನ ಚಂಪುಹಾನ್ ಎಂದು ಕರೆದು ಪವಿತ್ರವೆಂದು ಭಾವಿಸುತ್ತಾರೆ. ಆದರೆ ಕಮರಿಯ ಅಂಚು ಮನುಷ್ಯವಾಸಕ್ಕೆ ಯೋಗ್ಯವಾದ ಸ್ಥಳವೆಂದು ಗ್ರಾಮಸ್ಥರು ಎಂದೂ ಭಾವಿಸಿರಲಿಲ್ಲ. ಅದು ತೋನ್ಯಾ ಎಂಬ ಅದೃಶ್ಯ ಜೀವಿಗಳ ಬೀಡೆಂಬುದು ಅವರ ನಂಬಿಕೆ. ಮಣ್ಣು ಕುಸಿಯುವ ಭಯವೂ ಅದರೊಡನೆ ಇದ್ದಿರಬೇಕು. ಹೊರಗಿನಿಂದ ಬಂದವರಿಗೆ ಮಾತ್ರ ಅತ್ಯಂತ ಬೆಲೆಯುಳ್ಳ ನೆಲ ಇದೇ ಆಯಿತು. ಕಣಿವೆಯ ನೋಟವೇ ಅದಕ್ಕೆ ಕಾರಣ.

1927ರಲ್ಲಿ ಬಾಲಿಗೆ ಬಂದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಉಬುದ್ ಊರಿನ ಚಂಪುಹಾನ್ ಬಳಿಯಲ್ಲಿ ಮನೆ ಮಾಡಿದನು. 1930ರ ದಶಕದಲ್ಲಿ ಕೆನಡಾ ಮೂಲದ ಸಂಗೀತಜ್ಞ ಕಾಲಿನ್ ಮೆಕ್‌ಫೀ ಆಯುಂಗ್ ಕಣಿವೆಯ ಅಂಚಿನ ಸಾಯಾನ್ ಗ್ರಾಮದಲ್ಲಿ ಮನೆಯನ್ನು ಕಟ್ಟಿಸಿ, ಮುಂದೆ ಅದರ ಕಥೆಯನ್ನು ಪುಸ್ತಕವಾಗಿ ಬರೆದನು. ಇವರು ಒಬ್ಬಿಬ್ಬರು ಕಲಾವಿದರಷ್ಟೆ. 1969ರಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವು ತೆರೆದ ಮೇಲೆ ಪರಿಸ್ಥಿತಿ ಬದಲಾಯಿತು. 1989ರಲ್ಲಿ ಸಾಯಾನ್ ಪಕ್ಕದ ಕೆದೆವತನ್ ಗ್ರಾಮದಲ್ಲಿ ಕಣಿವೆಯ ಅಂಚಿನ ಮೊದಲ ಭಾರೀ ವಸತಿಗೃಹಗಳಲ್ಲೊಂದು ಆರಂಭವಾಯಿತು. 2024ರಲ್ಲಿ ಬಾಲಿಗೆ ಬಂದ ವಿದೇಶೀ ಪ್ರವಾಸಿಗಳ ಸಂಖ್ಯೆ ಸುಮಾರು 63 ಲಕ್ಷ.

ಸುಬಾಕ್: ನೀರಿನ ಸಂಘ

ಗದ್ದೆಯ ಬೆಲೆಯನ್ನು ತಿಳಿಯಬೇಕಾದರೆ ಗದ್ದೆಗೆ ನೀರು ಬರುವ ಬಗೆಯನ್ನು ಮೊದಲು ತಿಳಿಯಬೇಕು. ನದಿಯು ಆಳದಲ್ಲಿ ಹರಿಯುವುದರಿಂದ ಪಕ್ಕದ ಗದ್ದೆಗೆ ಅದರ ನೀರು ನೇರವಾಗಿ ಏರುವುದಿಲ್ಲ. ಮೈಲುಗಳಾಚೆ, ಮೇಲ್ಭಾಗದಲ್ಲಿ ನದಿಗೆ ಒಡ್ಡು ಕಟ್ಟಿ, ಅಲ್ಲಿಂದ ಗುಡ್ಡದೊಳಗೆ ಸುರಂಗ ಕೊರೆದು, ಕಾಲುವೆಯ ಮೂಲಕ ನೀರನ್ನು ತರಬೇಕು. ಈ ವಿದ್ಯೆ ಬಹು ಪ್ರಾಚೀನವಾದುದು. ಕ್ರಿ.ಶ. 896ರ ಬೆಬೆತಿನ್ ಶಾಸನದಲ್ಲಿಯೇ ಸುರಂಗ ಕೊರೆಯುವ ಕುಶಲಕರ್ಮಿಗಳ ಉಲ್ಲೇಖವಿದೆ. 11ನೆಯ ಶತಮಾನದ ಶಾಸನಗಳಲ್ಲಿ 'ಕಸುವಾಕನ್' ಎಂಬ ಪದವು ಕಾಣಬರುತ್ತದೆ. ಇಂದಿನ 'ಸುಬಾಕ್' ಎಂಬ ಹೆಸರಿನ ಮೂಲ ಇದೇ.

ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಗಳ ಕೃಷಿಕರೆಲ್ಲರ ಸಂಘಕ್ಕೆ ಸುಬಾಕ್ ಎಂದು ಹೆಸರು. ಇದು ಗ್ರಾಮದ ಅಂಗವಲ್ಲ. ಗ್ರಾಮದ ಎಲ್ಲೆಯನ್ನು ದೇವಾಲಯವೂ ರೂಢಿಯೂ ನಿರ್ಧರಿಸಿದರೆ, ಸುಬಾಕಿನ ಎಲ್ಲೆಯನ್ನು ನೀರು ನಿರ್ಧರಿಸುತ್ತದೆ. ಒಬ್ಬ ರೈತನ ಎರಡು ಗದ್ದೆಗಳು ಎರಡು ಕಾಲುವೆಗಳ ಕೆಳಗಿದ್ದರೆ ಅವನು ಎರಡು ಸುಬಾಕ್‌ಗಳ ಸದಸ್ಯನಾಗಿರುತ್ತಾನೆ. ಸಂಘದ ಮುಖ್ಯಸ್ಥನು ಪೆಕಾಸೆಹ್. ಹಳೆಯ ಮೈಸೂರಿನ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಇವನ ಕೆಲಸದ ಒಂದು ಭಾಗ ಪರಿಚಿತವೆನಿಸುವುದು. ಆದರೆ ನೀರಗಂಟಿಯು ಊರಿನ ಸೇವಕ, ಪೆಕಾಸೆಹನು ಸದಸ್ಯರೇ ಆರಿಸಿದ ಮುಖಂಡ. ಅವಿಗ್-ಅವಿಗ್ ಎಂಬ ಕಟ್ಟಳೆಗಳ ಪ್ರಕಾರ ಕಾಲುವೆಯ ಹೂಳೆತ್ತುವುದು, ಒಡ್ಡಿನ ದುರಸ್ತಿ, ದೇವಾಲಯದ ವಂತಿಗೆ ಎಲ್ಲವೂ ಸದಸ್ಯರ ಮೇಲೆ ಹಂಚಿಕೆಯಾಗುತ್ತವೆ. ತಪ್ಪಿದವರಿಗೆ ದಂಡವುಂಟು. ನೀರನ್ನು ಅಳತೆಗೆ ಸರಿಯಾಗಿ ಕವಲೊಡೆಯಿಸಲು ಕಾಲುವೆಗೆ ಅಡ್ಡಲಾಗಿ ಕಚ್ಚು ಕೊರೆದ ಮರದ ದಿಮ್ಮಿಯನ್ನು ಇಡುವುದು ಹಳೆಯ ರೂಢಿ.

ಒಂದು ನದಿಯ ಅನೇಕ ಸುಬಾಕ್‌ಗಳು ಬಿತ್ತನೆಯ ಕಾಲವನ್ನು ತಮ್ಮತಮ್ಮಲ್ಲಿ ಹೊಂದಿಸಿಕೊಳ್ಳುವುದು ಜಲದೇವಾಲಯಗಳ ಮೂಲಕ. ಎಲ್ಲರೂ ಒಮ್ಮೆಗೇ ನಾಟಿ ಮಾಡಿದರೆ ನೀರು ಸಾಲದು. ಪ್ರತಿಯೊಬ್ಬನೂ ತನಗೆ ತೋಚಿದಾಗ ಮಾಡಿದರೆ ಕೀಟಗಳಿಗೆ ವರ್ಷವಿಡೀ ಆಹಾರ ದೊರೆಯುತ್ತದೆ. ಒಂದು ವಿಸ್ತಾರದ ಗದ್ದೆಗಳನ್ನೆಲ್ಲ ಏಕಕಾಲದಲ್ಲಿ ಬೀಡು ಬಿಟ್ಟಾಗ ಮಾತ್ರ ಕೀಟಗಳೂ ಇಲಿಗಳೂ ಆಹಾರವಿಲ್ಲದೆ ಅಳಿಯುತ್ತವೆ. 1970ರ ದಶಕದಲ್ಲಿ ಸರಕಾರವು ಹೊಸ ತಳಿಗಳನ್ನು ತಂದು, ಸಾಧ್ಯವಾದಷ್ಟು ಸಲ ಬೆಳೆಯಬೇಕೆಂದು ಪ್ರೋತ್ಸಾಹಿಸಿದಾಗ ಈ ಹೊಂದಾಣಿಕೆ ಮುರಿದು ಕಂದು ಜಿಗಿಹುಳು ಮೊದಲಾದ ಪಿಡುಗುಗಳು ಹಬ್ಬಿದುವು. ಓಸ್ ಮತ್ತು ಪೆತಾನು ನದಿಗಳ 172 ಸುಬಾಕ್‌ಗಳನ್ನು ಗಣಕಯಂತ್ರದ ಮಾದರಿಯಲ್ಲಿಟ್ಟು ಪರೀಕ್ಷಿಸಿದ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ವಿದ್ವಾಂಸರು, ಜಲದೇವಾಲಯಗಳ ಏರ್ಪಾಡಿಗೆ ಹತ್ತಿರವಾದ ಹೊಂದಾಣಿಕೆಯೇ ಉತ್ತಮ ಇಳುವರಿಯನ್ನು ಕೊಡುತ್ತದೆಂದು 1993ರಲ್ಲಿ ತೋರಿಸಿದರು. 2012ರಲ್ಲಿ ಪಕೆರಿಸಾನ್ ಜಲಾನಯನವೂ ಸೇರಿ ಸುಮಾರು 19,500 ಹೆಕ್ಟೇರುಗಳ ಸುಬಾಕ್ ಪ್ರದೇಶವನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಲಿಯ ಗದ್ದೆಯು ಬಿಡಿಯಾದ ಆಸ್ತಿಯಲ್ಲ. ಅದಕ್ಕೆ ಬರುವ ನೀರು, ಅದರ ಸುತ್ತಣ ಮೆಟ್ಟಿಲುಗಳು, ಕೀಟಗಳಿಂದ ಅದಕ್ಕಿರುವ ರಕ್ಷಣೆ, ಕೊನೆಗೆ ಪ್ರವಾಸಿಯ ಕಣ್ಣು ಸೆಳೆಯುವ ಅದರ ಹಸಿರು ನೋಟ, ಎಲ್ಲವೂ ಅನೇಕರು ಕೂಡಿ ಮಾಡಿದ ದುಡಿಮೆಯ ಫಲ. ಆದರೆ ಕ್ರಯಪತ್ರದಲ್ಲಿ ಬರುವುದು ಒಂದು ತುಂಡು ನೆಲದ ಚಕ್ಕುಬಂದಿ ಮಾತ್ರ.

ಕಾನೂನಿನ ನೆಲೆ

ಸ್ಥಳೀಯರ ಭೂಮಿಯು ಪರರ ಪಾಲಾಗಬಾರದೆಂಬ ನಿಯಮ ಇಂಡೊನೇಷ್ಯಾದಲ್ಲಿ ಹೊಸದಲ್ಲ. 1870ರ ಭೂಕಾಯಿದೆಯಿಂದ ತೋಟದ ಕಂಪೆನಿಗಳಿಗೆ 75 ವರ್ಷಗಳ ಗುತ್ತಿಗೆಯನ್ನು ಒದಗಿಸಿದ ಡಚ್ಚರೇ, 1875ರಲ್ಲಿ ಸ್ಥಳೀಯರ ಭೂಮಿಯನ್ನು ಸ್ಥಳೀಯರಲ್ಲದವರಿಗೆ ಮಾರಕೂಡದೆಂದು ನಿಷೇಧಿಸಿದರು. ಸ್ವಾತಂತ್ರ್ಯಾನಂತರ, 1960ರ ಸೆಪ್ಟೆಂಬರ್ 24ರಂದು ಜಾರಿಗೆ ಬಂದ ಮೂಲ ಭೂಶಾಸನವು ಡಚ್ಚರ ಭೂಕಾಯಿದೆಯನ್ನು ತೆಗೆದುಹಾಕಿ, ದೇಶದ ರೂಢಿಗತ ಕಟ್ಟಳೆಯಾದ ಅದತ್ ಅನ್ನು ಭೂಕಾನೂನಿನ ಬುನಾದಿಯಾಗಿ ಸ್ವೀಕರಿಸಿತು. ಎಲ್ಲ ಭೂಹಕ್ಕುಗಳಿಗೂ ಸಾಮಾಜಿಕ ಕರ್ತವ್ಯವಿದೆ ಎಂಬುದು ಅದರ 6ನೆಯ ವಿಧಿ.

ಈ ಶಾಸನದ ಪ್ರಕಾರ ಪೂರ್ಣ ಒಡೆತನಕ್ಕೆ 'ಹಕ್ ಮಿಲಿಕ್' ಎಂದು ಹೆಸರು. ಅರಬ್ಬಿ ಮೂಲದ ಈ ಎರಡು ಪದಗಳೂ ಕನ್ನಡದ ಹಕ್ಕು, ಮಾಲ್ಕಿ ಎಂಬ ಪದಗಳ ಬಂಧುಗಳೇ. ಹಕ್ ಮಿಲಿಕ್ ಇಂಡೊನೇಷ್ಯಾದ ಪ್ರಜೆಗಳಿಗೆ ಮೀಸಲು. ಸಾಮಾನ್ಯ ಕಂಪೆನಿಗಳಿಗೂ ಅದು ದೊರೆಯದು. ಅದಕ್ಕಿಂತ ಕೆಳಗಿನವು ಕಟ್ಟಡ ಕಟ್ಟುವ ಹಕ್ಕು, ಬಳಕೆಯ ಹಕ್ಕು ಮತ್ತು ಗುತ್ತಿಗೆಯ ಹಕ್ಕು. 2021ರ ನಿಯಮಗಳಂತೆ ಕಟ್ಟಡದ ಹಕ್ಕನ್ನು ಮೊದಲು 30 ವರ್ಷಗಳಿಗೂ, ವಿಸ್ತರಣೆಯಿಂದ 20 ವರ್ಷಗಳಿಗೂ, ನವೀಕರಣದಿಂದ ಇನ್ನು 30 ವರ್ಷಗಳಿಗೂ ಪಡೆಯಬಹುದು. ವಿದೇಶೀ ಬಂಡವಾಳದಿಂದ ಅಲ್ಲಿಯೇ ಸ್ಥಾಪಿತವಾದ ಕಂಪೆನಿಗೆ ಇದು ಸಲ್ಲುತ್ತದೆ. ವಾಸದ ಅನುಮತಿಯುಳ್ಳ ವಿದೇಶೀಯನು ಬಳಕೆಯ ಹಕ್ಕಿನ ನೆಲದಲ್ಲಿ ಒಂದು ಮನೆಯನ್ನು, 2,000 ಚದರ ಮೀಟರಿನ ಮಿತಿಯೊಳಗೆ, ಹೊಂದಬಹುದು.

ಈ ಮಾರ್ಗಗಳು ದೀರ್ಘವೂ ವೆಚ್ಚದವೂ ಆದುದರಿಂದ ಗ್ರಾಮಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿರುವುದು 25-30 ವರ್ಷಗಳ ಗುತ್ತಿಗೆ. ಇದರ ದರವನ್ನು ಹೇಳುವುದು 'ಒಂದು ಆರ್‌ಗೆ ವರ್ಷಕ್ಕೆ ಇಷ್ಟು' ಎಂಬ ಕ್ರಮದಲ್ಲಿ. ಆರ್ ಎಂದರೆ 100 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ವರ್ಷದ ಲೆಕ್ಕದಲ್ಲಿ ಹೇಳಿದರೂ ಇಡೀ ಅವಧಿಯ ಹಣವನ್ನು ಸಾಮಾನ್ಯವಾಗಿ ಮೊದಲೇ ಒಟ್ಟಾಗಿ ಸಲ್ಲಿಸಲಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಆ ಹಕ್ಕು ಸವೆಯುತ್ತ ಹೋಗಿ, ಕೊನೆಗೆ ನೆಲವು ಒಡೆಯನಿಗೆ ಮರಳುತ್ತದೆ. ಆದಕಾರಣ ಇದನ್ನು ಆಸ್ತಿಯ ಖರೀದಿಯೆನ್ನುವುದಕ್ಕಿಂತ ಕಾಲದ ಖರೀದಿಯೆನ್ನುವುದೇ ಸರಿ.

ಇನ್ನೊಂದು ಮಾರ್ಗವೂ ಉಂಟು. ಸ್ಥಳೀಯನೊಬ್ಬನ ಹೆಸರಿನಲ್ಲಿ ಹಕ್ ಮಿಲಿಕ್ ಕೊಂಡು, ಅವನಿಂದ ಸಾಲಪತ್ರ, ಅಧಿಕಾರಪತ್ರ ಮೊದಲಾದುವನ್ನು ಬರೆಯಿಸಿಕೊಂಡು ವಿದೇಶೀಯನೇ ಅನುಭವಿಸುವ ಬೇನಾಮಿ ಪದ್ಧತಿ ಇದು. 1960ರ ಶಾಸನದ 26ನೆಯ ವಿಧಿಯು ಇದನ್ನು ನಿಸ್ಸಂದಿಗ್ಧವಾಗಿ ನಿಷೇಧಿಸಿದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಿದೇಶೀಯನಿಗೆ ಒಡೆತನವನ್ನು ದಾಟಿಸುವ ಕರಾರು ಅಸಿಂಧು. ನೆಲವು ಸರಕಾರಕ್ಕೆ ಸೇರುತ್ತದೆ. ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ. ಹೆಸರು ಕೊಟ್ಟವನು ತೀರಿಕೊಂಡು ಅವನ ವಾರಸುದಾರರು ತಿರುಗಿಬಿದ್ದಾಗ ಇಂತಹ ಕಾಗದಗಳು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಹೊರನಾಡಿನ ಕನ್ನಡಿಗರಿಗೆ ಇನ್ನೂ ಹೆಚ್ಚು ಆಸಕ್ತಿಯನ್ನುಂಟುಮಾಡಬಲ್ಲ ನಿಯಮವೊಂದಿದೆ. 1960ರ ಶಾಸನವು ಕೃಷಿಭೂಮಿಯ ಒಡೆಯನು ಅದನ್ನು ತಾನೇ ಸಾಗುಮಾಡಬೇಕೆಂದು ವಿಧಿಸಿತು. 1961ರ ನಿಯಮಗಳು, ಭೂಮಿಯಿರುವ ತಾಲೂಕಿನ ಹೊರಗೆ ವಾಸಿಸುವವನು ಆರು ತಿಂಗಳೊಳಗೆ ಅಲ್ಲಿಗೆ ಬಂದು ನೆಲೆಸಬೇಕು ಇಲ್ಲವೇ ಭೂಮಿಯನ್ನು ಆ ತಾಲೂಕಿನವರಿಗೆ ಬಿಟ್ಟುಕೊಡಬೇಕು ಎಂದುವು. ನೆರೆಯ ತಾಲೂಕಿನವರಿಗೂ ಸರಕಾರಿ ನೌಕರರಿಗೂ ವಿನಾಯಿತಿಯುಂಟು. ಅಂದರೆ ಜಕಾರ್ತಾದ ಇಂಡೊನೇಷ್ಯನ್ ಪ್ರಜೆಗೂ ಬಾಲಿಯ ಗದ್ದೆಯ ಮೇಲೆ, ಗದ್ದೆಯಾಗಿರುವವರೆಗೆ, ದೂರದ ಒಡೆತನ ಸಲ್ಲದು. 1974ರ ತಿದ್ದುಪಡಿಯಿಂದ ಊರಿನ ಗೇಣಿ ಭೂಮಿಯನ್ನು ಕಳೆದುಕೊಂಡ, ಅಥವಾ ಪಡೆದ, ಮನೆತನಗಳು ಮುಂಬಯಿಯ ಕನ್ನಡಿಗರಲ್ಲಿ ಅನೇಕವಿವೆ; ಅವರಿಗೆ ಈ ನಿಯಮದ ಹಿಂದಿರುವ ಭಾವನೆ ಅಪರಿಚಿತವಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದರ ಮೇಲೆ ಕರ್ನಾಟಕದಲ್ಲಿದ್ದ ನಿರ್ಬಂಧಗಳು 2020ರಲ್ಲಿ ರದ್ದಾದುವು. ಇಂಡೊನೇಷ್ಯಾದಲ್ಲಿ ನಿಯಮವು ಪುಸ್ತಕದಲ್ಲಿ ಉಳಿದಿದೆ. ಆದರೆ ಗದ್ದೆಯನ್ನು ನಿವೇಶನವೆಂದು ಪರಿವರ್ತಿಸಿದ ಕ್ಷಣದಲ್ಲಿ ಅದು ಅನ್ವಯಿಸದಾಗುತ್ತದೆ. ಪರಿವರ್ತನೆಗೆ ಇದೂ ಒಂದು ಪ್ರೇರಣೆ.

ಲಾಭನಷ್ಟಗಳ ಹಂಚಿಕೆ

ಬಾಲಿಯ ರೈತ ಕುಟುಂಬಗಳಲ್ಲಿ ಬಹುಪಾಲಿನವರ ಹಿಡುವಳಿ ಅರ್ಧ ಹೆಕ್ಟೇರನ್ನು ಮುಟ್ಟುವುದಿಲ್ಲ. ಮಗಳ ಮದುವೆ, ತಂದೆಯ ಶವಸಂಸ್ಕಾರದ ಮಹೋತ್ಸವ, ಮಗನ ವಿದ್ಯಾಭ್ಯಾಸ ಎಂಬ ವೆಚ್ಚಗಳು ಭತ್ತದ ಉತ್ಪನ್ನದಿಂದ ಹುಟ್ಟುವುದಿಲ್ಲ. ಹಿಂದೆ ಇಂತಹ ಸಂದರ್ಭದಲ್ಲಿ ರೈತನು ಗದ್ದೆಯನ್ನು 'ಗಡೈ' ಇಡುತ್ತಿದ್ದನು. ಸಾಲ ಕೊಟ್ಟವನು ಬಡ್ಡಿಯ ಬದಲು ಗದ್ದೆಯನ್ನು ಅನುಭವಿಸುವ ಈ ಪದ್ಧತಿ ನಮ್ಮ ಭೋಗ್ಯದ ಅಡಮಾನವೇ. ಏಳು ವರ್ಷಗಳ ಕಾಲ ಅನುಭವಿಸಿದ ಮೇಲೆ ಸಾಲಿಗನು ಹಣ ಕೇಳದೆ ಗದ್ದೆಯನ್ನು ಹಿಂದಿರುಗಿಸಬೇಕೆಂದು 1960ರ ಇನ್ನೊಂದು ಶಾಸನವು ವಿಧಿಸಿತು. ಬೆಳೆಯಿಂದಲೇ ಸಾಲ ತೀರಿದಂತಾಯಿತೆಂಬುದು ಅದರ ತರ್ಕ. ಭೋಗ್ಯದಲ್ಲಿ ಗದ್ದೆಯು ಗದ್ದೆಯಾಗಿಯೇ ಉಳಿಯುತ್ತಿತ್ತು. ಯಾರು ಉತ್ತರೂ ಸುಬಾಕಿಗೆ ಸಲ್ಲಬೇಕಾದುದು ಸಲ್ಲುತ್ತಿತ್ತು. ನಿವೇಶನದ ಗುತ್ತಿಗೆಯಲ್ಲಿ ಹಾಗಲ್ಲ.

ಗುತ್ತಿಗೆಯಿಂದ ಒಡೆಯನಿಗೆ ಒಮ್ಮೆಗೇ ದೊಡ್ಡ ಮೊತ್ತ ದೊರೆಯುವುದು ನಿಜ. ಗ್ರಾಮದ ತರುಣ ತರುಣಿಯರಿಗೆ ಅಲ್ಲಿಯೇ ಉದ್ಯೋಗ ಸಿಕ್ಕುವುದೂ ನಿಜ; ಕಲ್ಲು ಕೆತ್ತುವವರಿಗೂ ಬಡಗಿಗಳಿಗೂ ಕೆಲಸ ಹೆಚ್ಚಿದೆ. ಈ ಲಾಭವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ನಷ್ಟವು ಬೀಳುವುದು ಬೇರೆಯವರ ಮೇಲೆ. ಮೊದಲನೆಯವನು ಗೇಣಿದಾರ. ಅರ್ಧ ಪಾಲಿಗೆ, ಅಥವಾ ಅದಕ್ಕಿಂತ ಕಡಿಮೆಗೆ, ಪರರ ಗದ್ದೆಯನ್ನು ಮಾಡುವವರು ಬಾಲಿಯಲ್ಲಿ ಬಹು ಮಂದಿ. ಪಾಲುಗಾರಿಕೆಯ ಕರಾರು ನೀರಾವರಿ ಗದ್ದೆಗೆ ಕನಿಷ್ಠ ಮೂರು ವರ್ಷವಿರಬೇಕೆಂದು 1960ರ ಪಾಲುಬೆಳೆ ಶಾಸನವು ಹೇಳಿದರೂ, ಇಪ್ಪತ್ತೈದು ವರ್ಷಗಳ ಗುತ್ತಿಗೆಯ ಹಣದಲ್ಲಿ ಅವನಿಗೆ ಪಾಲಿಲ್ಲ.

ಎರಡನೆಯವನು ಕೆಳಗಿನ ಗದ್ದೆಯವನು. ಸಾಲಿನ ನಡುವೆ ಒಂದು ಗದ್ದೆಯು ಅಂಗಳವಾದಾಗ ಅದರ ಮೂಲಕ ಹಾದು ಹೋಗುತ್ತಿದ್ದ ಕಾಲುವೆಯು ಗೋಡೆಗೆ ಅಡ್ಡಬರುತ್ತದೆ. ಅದನ್ನು ತಿರುಗಿಸುತ್ತಾರೆ, ಕಿರಿದುಮಾಡುತ್ತಾರೆ, ಇಲ್ಲವೇ ಬಚ್ಚಲ ನೀರನ್ನು ಅದಕ್ಕೆ ಬಿಡುತ್ತಾರೆ. ಹೂಳೆತ್ತುವ ಕೈಗಳಲ್ಲಿ ಒಂದು ಕಡಮೆಯಾಗುತ್ತದೆ; ದೇವಾಲಯದ ವಂತಿಗೆಯ ಭಾರ ಉಳಿದವರ ಮೇಲೆ ಹೆಚ್ಚುತ್ತದೆ. ನೀರು ತಪ್ಪಿದವನು ಏಕಕಾಲದ ನಾಟಿಗೆ ಹೊಂದಿಕೊಳ್ಳಲಾರನು. ಕೀಟದ ಕಾಟ ನೆರೆಯವರಿಗೂ ಹಬ್ಬುತ್ತದೆ. ಅಕ್ಕಪಕ್ಕದ ವಹಿವಾಟಿನಿಂದ ಭೂಮಿಯ ಬೆಲೆ ಏರಿದಾಗ ಆ ಬೆಲೆಯ ಮೇಲೆ ಕಟ್ಟಿದ ಭೂತೆರಿಗೆಯೂ ಏರುತ್ತದೆ. ಕೆಲವು ಜಿಲ್ಲಾಡಳಿತಗಳು ಗದ್ದೆಗೆ ರಿಯಾಯಿತಿ ಕೊಟ್ಟಿರುವುದು ಈ ಕಷ್ಟವನ್ನು ಕಂಡೇ. ಹೀಗೆ ಮಾರಲು ಇಷ್ಟವಿಲ್ಲದಿದ್ದ ರೈತನೂ ಕಾಲಕ್ರಮದಲ್ಲಿ ಮಾರುವವರ ಸಾಲಿಗೆ ಬರುತ್ತಾನೆ.

ಮೂರನೆಯದು ನದಿ. ನದಿಯ ದಂಡೆಯಿಂದ ಇಂತಿಷ್ಟು ದೂರ ಕಟ್ಟಡ ಕೂಡದೆಂದು ಇಂಡೊನೇಷ್ಯಾದಲ್ಲಿ ನಿಯಮವಿದೆ. 2015ರ ಮಂತ್ರಾಲಯದ ಆಜ್ಞೆಯಂತೆ ಏರಿಯಿಲ್ಲದ ನದಿಗಳಿಗೆ ಪಟ್ಟಣಗಳಲ್ಲಿ ಆಳಕ್ಕನುಗುಣವಾಗಿ 10ರಿಂದ 30 ಮೀಟರು, ಪಟ್ಟಣದ ಹೊರಗೆ ಸಣ್ಣ ನದಿಗೆ 50 ಮೀಟರು, ದೊಡ್ಡ ನದಿಗೆ 100 ಮೀಟರು ಬಿಡಬೇಕು. ಆದರೆ ಕಣಿವೆಯ ನೋಟಕ್ಕಾಗಿಯೇ ಹಣ ಕೊಟ್ಟವನ ಅಪೇಕ್ಷೆ ಇದಕ್ಕೆ ತದ್ವಿರುದ್ಧ. ಮಳೆಯ ನೀರನ್ನು ಹಿಡಿದಿಡುತ್ತಿದ್ದ ಮೆಟ್ಟಿಲು ಗದ್ದೆಗಳ ಸ್ಥಾನದಲ್ಲಿ ಕಾಂಕ್ರೀಟು ಬಂದಾಗ ನೀರು ನೇರವಾಗಿ ಕಮರಿಗೆ ಧುಮುಕುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಾಲಿಯ ದಕ್ಷಿಣ ಭಾಗದಲ್ಲಿ ಬಂದ ಪ್ರವಾಹಕ್ಕೆ ಹತ್ತಕ್ಕಿಂತ ಹೆಚ್ಚು ಜನ ಬಲಿಯಾದಾಗ ಗದ್ದೆಗಳ ಪರಿವರ್ತನೆಯ ಪ್ರಶ್ನೆ ಸಾರ್ವಜನಿಕ ಚರ್ಚೆಯ ಮುಂಚೂಣಿಗೆ ಬಂದಿತು.

ಹಕ್ಕು ಮತ್ತು ಹೊಣೆ

ಬಾಲಿಯ ಗ್ರಾಮಪದ್ಧತಿಯಲ್ಲಿಯೇ ಈ ಸಮಸ್ಯೆಗೆ ಒಂದು ಸೂಚನೆ ಅಡಗಿದೆ. ಊರೊಳಗಿನ ಮನೆಯ ಹಿತ್ತಿಲುಗಳು ಅನೇಕ ಗ್ರಾಮಗಳಲ್ಲಿ ವ್ಯಕ್ತಿಯ ಸೊತ್ತಲ್ಲ; ಅವು ಗ್ರಾಮದ ನೆಲ. ಅಲ್ಲಿ ವಾಸಿಸುವ ಕುಟುಂಬವು ಗ್ರಾಮಕ್ಕೂ ದೇವಾಲಯಕ್ಕೂ ಸಲ್ಲಿಸಬೇಕಾದ ದುಡಿಮೆಗೆ 'ಅಯಾಹನ್' ಎಂದು ಹೆಸರು. ಹೊಣೆಯನ್ನು ಬಿಟ್ಟವನಿಗೆ ನೆಲವೂ ಇಲ್ಲ. 2017ರಲ್ಲಿ ಭೂಮಂತ್ರಾಲಯವು ಬಾಲಿಯ ಸಾಂಪ್ರದಾಯಿಕ ಗ್ರಾಮವನ್ನು ಸಾಮೂಹಿಕ ಭೂಒಡೆತನದ ಹಕ್ಕುದಾರನೆಂದು ಅಂಗೀಕರಿಸಿತು. ಪ್ರಾಂತದ 2019ರ ಶಾಸನವು ಊರ ಸದಸ್ಯರು, ಬೇರೆ ಊರಿನಿಂದ ಬಂದ ಬಾಲಿ ಹಿಂದೂಗಳು, ಇತರ ಅತಿಥಿಗಳು ಎಂದು ನಿವಾಸಿಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಅವರವರ ಕರ್ತವ್ಯಗಳನ್ನು ಹೇಳಿದೆ. ಆದುದರಿಂದ ಅತಿಥಿಯಾದ ವಿದೇಶೀಯನೂ ಊರಿನ ದೃಷ್ಟಿಯಲ್ಲಿ ಹೊಣೆಯಿಂದ ಹೊರತಾದವನಲ್ಲ. ಸುಬಾಕ್‌ಗಳಿಗಾಗಿಯೇ 2012ರ ಪ್ರಾಂತೀಯ ಶಾಸನವೊಂದಿದೆ; 2009ರ ರಾಷ್ಟ್ರೀಯ ಶಾಸನವು ಶಾಶ್ವತ ಆಹಾರಭೂಮಿಯ ರಕ್ಷಣೆಯನ್ನು ವಿಧಿಸಿದೆ.

ಹೀಗಿದ್ದೂ ಗದ್ದೆಗಳು ಕರಗುತ್ತಿರುವುದಕ್ಕೆ ಕಾರಣ ಕಾನೂನಿನ ಅಭಾವವಲ್ಲ. ಭೂಶಾಸನವು ಒಡೆಯನಾರು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ರಚಿತವಾದುದು. ವಿದೇಶೀಯನು ಒಡೆಯನಾಗದಂತೆ ಅದು ತಡೆದಿದೆ. ಗದ್ದೆಯು ಸುಬಾಕಿನಿಂದ ಕಳಚಿಕೊಳ್ಳುವುದನ್ನು ತಡೆದಿಲ್ಲ. ಗುತ್ತಿಗೆ ಕೊಟ್ಟ ರೈತನು ಇಂದಿಗೂ ಹಕ್ ಮಿಲಿಕ್ ಪತ್ರದ ಒಡೆಯನೇ. ಆದರೆ ಇಪ್ಪತ್ತೈದು ವರ್ಷಗಳ ನಂತರ ಅವನ ಮೊಮ್ಮಗನಿಗೆ ಮರಳುವುದು ಕಾಂಕ್ರೀಟಿನ ಕೆಳಗಿನ ನೆಲ. ಅದಕ್ಕೆ ಕಾಲುವೆಯಿಲ್ಲ, ಉಳುಮೆಯಿಂದ ತಲೆಮಾರುಗಳ ಕಾಲ ಗಟ್ಟಿಯಾಗಿ ನೀರು ಹಿಡಿಯುತ್ತಿದ್ದ ಗದ್ದೆಯ ತಳವಿಲ್ಲ, ಕೂಡಿ ನಾಟಿ ಮಾಡುವ ನೆರೆಯವರೂ ಇಲ್ಲದಿರಬಹುದು. ವರ್ಷಕ್ಕೆ ಎರಡು ಬೆಳೆಯಂತೆ ಐವತ್ತು ಬೆಳೆಗಳ ಬೆಲೆಯನ್ನು ಗುತ್ತಿಗೆಯ ಹಣದೊಡನೆ ತೂಗಿ ನೋಡುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದಕಾರಣ ನದೀತೀರದ ನೆಲದ ಗುತ್ತಿಗೆಯು ಒಡೆಯ ಮತ್ತು ಬಂಡವಾಳಗಾರ ಎಂಬಿಬ್ಬರ ನಡುವಿನ ವ್ಯವಹಾರವಾಗಿ ಮುಗಿಯಬಾರದು. ಕಾಲುವೆಯ ದಾರಿಯನ್ನು ಉಳಿಸುವುದು, ಸುಬಾಕಿನ ವಂತಿಗೆಯನ್ನು ಗದ್ದೆಯ ಅಳತೆಗೆ ಸರಿಯಾಗಿ ಸಲ್ಲಿಸುವುದು, ಗೇಣಿದಾರನಿಗೆ ಪರಿಹಾರ ಕೊಡುವುದು, ದಂಡೆಯ ಅಂತರವನ್ನು ಕಾಯುವುದು, ಅವಧಿಯ ಕೊನೆಯಲ್ಲಿ ನೆಲವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕೆಂಬುದು, ಇವೆಲ್ಲವೂ ಗುತ್ತಿಗೆ ಪತ್ರದಲ್ಲಿಯೇ ಬರೆಯಲ್ಪಟ್ಟು, ಪೆಕಾಸೆಹನ ಸಮ್ಮತಿಯೊಡನೆ ನೋಂದಣಿಯಾದರೆ ಮಾತ್ರ ಹಕ್ಕಿನ ಜೊತೆಗೆ ಹೊಣೆಯೂ ಕೈಬದಲಾದೀತು. ಬಂಡವಾಳಗಾರನ ಹಿತವೂ ಇದರಲ್ಲಿಯೇ ಇದೆ. ಅವನು ಹಣ ಕೊಟ್ಟುದು ಎದುರಿನ ಹಸಿರು ಮೆಟ್ಟಿಲುಗಳ ನೋಟಕ್ಕಾಗಿ. ಆ ಮೆಟ್ಟಿಲುಗಳನ್ನು ಹಸಿರಾಗಿ ಇಟ್ಟಿರುವವನು ಎದುರು ದಂಡೆಯ ರೈತ. ಆ ರೈತನಿಗೆ ಮುಂದಿನ ನಾಟಿಗೆ ನೀರು ಬರುವುದೋ ಇಲ್ಲವೋ ಎಂಬುದರ ಮೇಲೆ ಇಬ್ಬರ ಭವಿಷ್ಯವೂ ನಿಂತಿದೆ.